ದೂರು ಗ್ರಾಫಿಕ್ಸ್ ಕಾರ್ಡಿನ ಮೇಲೆ, ದೋಷ ಪ್ರೊಸೆಸರ್‌ನಲ್ಲಿ: ಇಂಟೆಲ್ 13 ಮತ್ತು 14ನೇ ಪೀಳಿಗೆಯ ಕಂಪ್ಯೂಟರ್ ಮಾಲೀಕರಿಗೆ ದೋಷ ನಿವಾರಣೆ ಕೈಪಿಡಿ

ಗ್ರಾಫಿಕ್ಸ್ ಕಾರ್ಡಿನಲ್ಲಿ 16 ಜಿಬಿ ಮೆಮೊರಿ ಇದೆ. ಆದರೂ ಆಟ ತೆರೆದ ಸ್ವಲ್ಪ ಹೊತ್ತಿಗೆ 'ಔಟ್ ಆಫ್ ವಿಡಿಯೋ ಮೆಮೊರಿ' ಎಂಬ ಪುಟ್ಟ ಪೆಟ್ಟಿಗೆ ಪರದೆಯ ನಡುವೆ ಬಂದು ಕೂರುತ್ತದೆ, ಆಟ ಮುಚ್ಚಿಕೊಳ್ಳುತ್ತದೆ. ಮಾಲೀಕರು ಡ್ರೈವರ್ ಬದಲಿಸುತ್ತಾರೆ, ವಿಂಡೋಸ್ ಅನ್ನು ಹೊಸದಾಗಿ ಹಾಕುತ್ತಾರೆ, ಕೊನೆಗೆ ಕಾರ್ಡನ್ನೇ ಮಾರಿ ಇನ್ನೊಂದು ತರುತ್ತಾರೆ. ಪೆಟ್ಟಿಗೆ ಮತ್ತೆ ಅದೇ ಮಾತು ಹೇಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಜ್ವರ ಬಂದಿರುವುದು ಪ್ರೊಸೆಸರ್‌ಗೆ.

ಇಂಟೆಲ್‌ನ 13ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 2022ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದವು, 14ನೇ ಪೀಳಿಗೆಯವು ಸುಮಾರು ಒಂದು ವರ್ಷದ ನಂತರ. 2024ರ ಆರಂಭದ ಹೊತ್ತಿಗೆ ದೂರುಗಳು ರಾಶಿ ಬಿದ್ದಿದ್ದವು. ಏಪ್ರಿಲ್‌ನಲ್ಲಿ ಕಂಪನಿ ಮದರ್‌ಬೋರ್ಡ್ ತಯಾರಕರ ಕಡೆ ಬೆರಳು ತೋರಿಸಿತು: ಅವರು ವಿದ್ಯುತ್ ಮಿತಿಗಳನ್ನು ಸಡಿಲ ಬಿಟ್ಟಿದ್ದಾರೆ ಎಂದು. ಅದರಲ್ಲಿ ನಿಜವೂ ಇತ್ತು, ಆದರೆ ಪೂರ್ತಿ ನಿಜ ಅದಾಗಿರಲಿಲ್ಲ. ಜೂನ್‌ನಲ್ಲಿ ದೋಷ ತಿದ್ದಲು ಒಂದು ತೇಪೆ (ಪ್ಯಾಚ್) ಬಂತು. ಪ್ರೊಸೆಸರ್‌ನ ಮೈಕ್ರೊಕೋಡ್ (ಅದರೊಳಗೇ ಇರುವ ಆಜ್ಞೆಗಳು) ತಾನೇ ತಪ್ಪಾಗಿ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು ಕಂಪನಿ ಒಪ್ಪಿಕೊಂಡಿದ್ದು ಜುಲೈ 22ರಂದು. ಆಗಸ್ಟ್‌ನಲ್ಲಿ ಇನ್ನೊಂದು ತೇಪೆ, ಸೆಪ್ಟೆಂಬರ್‌ನಲ್ಲಿ ಮೂಲ ಕಾರಣದ ವಿವರಣೆಯ ಜೊತೆಗೆ ಮತ್ತೊಂದು, 2025ರ ಮೇ ತಿಂಗಳಲ್ಲಿ ಮಗದೊಂದು. ಈ ಕಂತುಗಳ ನಡುವೆ ಮನೆಮನೆಗಳಲ್ಲಿ ಚಿಪ್‌ಗಳು ಸವೆಯುತ್ತಲೇ ಇದ್ದವು. ಮಾಲೀಕರ ಸಿಟ್ಟಿಗೆ ಕಾರಣವಿದೆ.

ಇಡೀ ವಿಷಯದ ತಿರುಳು ಇಷ್ಟು. ತೇಪೆ ಹಾಕಿದರೆ ಇನ್ನೂ ಆರೋಗ್ಯವಾಗಿರುವ ಚಿಪ್ ಉಳಿಯುತ್ತದೆ. ಆಗಲೇ ಹಾಳಾಗಿರುವ ಚಿಪ್ ಯಾವ ತೇಪೆಯಿಂದಲೂ ಸರಿಹೋಗುವುದಿಲ್ಲ. ಹಾಗಾಗಿ ನಿಮ್ಮದು ಈ ಎರಡರಲ್ಲಿ ಯಾವುದು ಎಂದು ಕಂಡುಕೊಳ್ಳುವುದೇ ಇಲ್ಲಿರುವ ಕೆಲಸ. ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡೋಣ.

## ನಿಮ್ಮ ಚಿಪ್ ಈ ಪಟ್ಟಿಯಲ್ಲಿದೆಯೇ?

ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ವಿಭಾಗದಲ್ಲಿ ಸಿಪಿಯು ಮೇಲೆ ಒತ್ತಿದರೆ ಬಲಮೂಲೆಯಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು ಕಾಣುತ್ತದೆ. ಕೋರ್ ಐ9-13900 ಮತ್ತು 14900, ಐ7-13700 ಮತ್ತು 14700 (ಹಿಂದೆ ಕೆ, ಎಫ್, ಕೆಎಫ್, ಕೆಎಸ್ ಅಕ್ಷರಗಳಿರಲಿ, ಇಲ್ಲದಿರಲಿ), ಐ5-13600ಕೆ, 13600ಕೆಎಫ್, 14600ಕೆ, 14600ಕೆಎಫ್ ಇದ್ದರೆ ಮುಂದೆ ಓದಿ. ಲ್ಯಾಪ್‌ಟಾಪ್ ಚಿಪ್‌ಗಳಿಗೆ ಈ ದೋಷ ತಾಗಿಲ್ಲ ಎಂದು ಇಂಟೆಲ್ ಹೇಳಿದೆ. 12ನೇ ಪೀಳಿಗೆಯವರೂ ಐ3 ಇರುವವರೂ ಕುಸಿತದ (ಕ್ರ್ಯಾಶ್) ಕಾರಣವನ್ನು ಬೇರೆಡೆ ಹುಡುಕಬೇಕು. ರ‍್ಯಾಮ್, ಡಿಸ್ಕ್, ವಿದ್ಯುತ್ ಪೂರೈಕೆಯ ಬಗ್ಗೆ ಕೆಳಗೆ ಹೇಳಿರುವುದು ಅವರಿಗೂ ಉಪಯೋಗಕ್ಕೆ ಬಂದೀತು.

## ಲಕ್ಷಣ: ಆಟ ಶುರುವಾಗುವಾಗಲೇ 'ವಿಡಿಯೋ ಮೆಮೊರಿ ಸಾಲದು' ಎನ್ನುತ್ತದೆ

ಇದು ಈ ದೋಷದ ಹೆಗ್ಗುರುತು. ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಆಟಗಳಲ್ಲಿ ಹೆಚ್ಚು ಕಾಣುತ್ತದೆ, ಅದರಲ್ಲೂ 'ಶೇಡರ್ ಕಂಪೈಲ್' ಆಗುವ ಹೊತ್ತಿನಲ್ಲಿ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪುಟ್ಟ ಪ್ರೋಗ್ರಾಂಗಳನ್ನು ತಯಾರು ಮಾಡುವ ಈ ಕೆಲಸ ನಡೆಯುವುದು ಪ್ರೊಸೆಸರ್‌ನಲ್ಲಿ. ಪ್ರೊಸೆಸರ್ ಲೆಕ್ಕ ತಪ್ಪಿದರೆ ಆಟದ ಕೈಗೆ ಅರ್ಥವಿಲ್ಲದ ಸಂಖ್ಯೆ ಸಿಗುತ್ತದೆ, ಅದನ್ನು ನಂಬಿ ಆಟ ಬಾಯಿಗೆ ಬಂದ ದೋಷಸಂದೇಶ ತೋರಿಸುತ್ತದೆ. ಹೆಸರು ಕೆಡಿಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡ್. ದೂರು ಎಷ್ಟು ಹೆಚ್ಚಾಯಿತೆಂದರೆ, ಇಂಥ ಸಂದೇಶ ಬಂದರೆ ಇಂಟೆಲ್ ಅನ್ನು ಕೇಳಿ ಎಂದು ಎನ್‌ವಿಡಿಯಾ ಕಂಪನಿಯೇ 2024ರಲ್ಲಿ ತನ್ನ ಗ್ರಾಹಕರಿಗೆ ಹೇಳಬೇಕಾಯಿತು.

ಈ ಸಂದೇಶದ ಅರ್ಥ ತಿಳಿಯಲು ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಮೆಮೊರಿ ಎಷ್ಟು ಬಳಕೆಯಾಗಿದೆ ನೋಡಿ. 8 ಜಿಬಿ ಕಾರ್ಡಿನಲ್ಲಿ 7.8 ತುಂಬಿದ್ದರೆ ಸಂದೇಶ ನಿಜ ಹೇಳುತ್ತಿದೆ, ಆಟದ ಚಿತ್ರದ ಗುಣಮಟ್ಟ ಇಳಿಸಿ. 16 ಜಿಬಿಯಲ್ಲಿ ಮೂರು ನಾಲ್ಕು ಮಾತ್ರ ತುಂಬಿದ್ದು ಸಂದೇಶ ಬಂದರೆ ಪ್ರೊಸೆಸರ್ ಮೇಲೆ ಅನುಮಾನಪಡಿ. ಹೊಸ ಕಾರ್ಡಿಗೆ ಹಣ ಸುರಿಯುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ.

## ಲಕ್ಷಣ: ದೊಡ್ಡ ಜಿಪ್ ಫೈಲ್ ಬಿಚ್ಚಲಾಗುವುದಿಲ್ಲ, ಡ್ರೈವರ್ ಹಾಕುವಾಗ ಅರ್ಧಕ್ಕೇ ನಿಲ್ಲುತ್ತದೆ

ಆಟ ಆಡದವರಿಗೂ ಈ ದೋಷ ಕಾಣಿಸಿಕೊಳ್ಳುವುದು ಇಲ್ಲೇ. ಎರಡು ಮೂರು ಜಿಬಿಯ ಸಂಕುಚಿತ ಫೈಲ್ ಬಿಚ್ಚುವಾಗ 'ಸಿಆರ್‌ಸಿ' ದೋಷ (ಫೈಲ್‌ನ ತಾಳೆ ತಪ್ಪಿದೆ ಎಂಬ ಸಂದೇಶ) ಬರುತ್ತದೆ, ಗ್ರಾಫಿಕ್ಸ್ ಡ್ರೈವರ್ ಹಾಕಲು ಹೋದರೆ ಫೈಲ್ ಕೆಟ್ಟಿದೆ ಎನ್ನುತ್ತದೆ. ಯಾರೂ ಮೊದಲಿಗೆ ಪ್ರೊಸೆಸರ್ ಮೇಲೆ ಸಂಶಯಪಡುವುದಿಲ್ಲ. ಇಂಟರ್‌ನೆಟ್ ಸರಿ ಇಲ್ಲ ಎಂದು ಮತ್ತೆ ಡೌನ್‌ಲೋಡ್ ಮಾಡುತ್ತಾ ಕೂರುತ್ತಾರೆ.

ಬಿಚ್ಚುವ ಕೆಲಸದಲ್ಲೇ ಈ ತಪ್ಪು ಹೊರಬೀಳಲು ಕಾರಣವಿದೆ. ವಿಡಿಯೋ ಒಂದರಲ್ಲಿ ಒಂದು ಚುಕ್ಕಿಯ ಬಣ್ಣ ತಪ್ಪಿದರೆ ಕಣ್ಣಿಗೆ ಕಾಣದು. ಸಂಕುಚಿತ ಫೈಲ್‌ನಲ್ಲಿ ಹಾಗಲ್ಲ, ಪ್ರತಿ ಬಿಟ್ ಹಿಂದಿನದನ್ನು ಅವಲಂಬಿಸಿರುತ್ತದೆ, ಕೊನೆಯಲ್ಲಿ ಒಟ್ಟು ಮೊತ್ತವನ್ನು ತಾಳೆ ನೋಡಲಾಗುತ್ತದೆ. ಒಂದು ತಪ್ಪಾದರೂ ಸಿಕ್ಕಿಬೀಳುತ್ತದೆ. ಆಟಗಳ ದತ್ತಾಂಶ ಬಿಚ್ಚುವ 'ಊಡಲ್' ಎಂಬ ತಂತ್ರಾಂಶದ ತಯಾರಕರಿಗೆ ಇದೇ ಕಾರಣಕ್ಕೆ ದೂರುಗಳ ಸುರಿಮಳೆಯಾಯಿತು. ದೋಷ ತಮ್ಮದಲ್ಲ, ಯಂತ್ರದ್ದು ಎಂದು ಅವರು ಬಹಿರಂಗವಾಗಿಯೇ ಬರೆದರು.

ಪರೀಕ್ಷೆ ಹೀಗೆ. '7-ಜಿಪ್' ಎಂಬ ಉಚಿತ ತಂತ್ರಾಂಶದಲ್ಲಿ ಒಂದು ದೊಡ್ಡ ಸಂಕುಚಿತ ಫೈಲ್ ಆರಿಸಿ 'ಟೆಸ್ಟ್' ಒತ್ತಿ. ಮುಗಿದ ಮೇಲೆ ಮತ್ತೆ ಒತ್ತಿ, ಮತ್ತೆ ಒತ್ತಿ. ಪ್ರತಿ ಸಲವೂ ಒಳಗಿನ ಅದೇ ಫೈಲ್‌ನಲ್ಲಿ ದೋಷ ಬಂದರೆ ಡೌನ್‌ಲೋಡ್ ಕೆಟ್ಟಿದೆ, ನಿಮ್ಮ ಯಂತ್ರ ಸರಿಯಾಗಿದೆ. ಒಮ್ಮೆ ಒಂದು ಫೈಲ್‌ನಲ್ಲಿ, ಇನ್ನೊಮ್ಮೆ ಬೇರೊಂದರಲ್ಲಿ, ಮತ್ತೊಮ್ಮೆ ಏನೂ ದೋಷವಿಲ್ಲದೆ ಮುಗಿದರೆ ಲೆಕ್ಕ ಹಾಕುವವನೇ ತಪ್ಪುತ್ತಿದ್ದಾನೆ ಎಂದರ್ಥ: ಪ್ರೊಸೆಸರ್ ಅಥವಾ ರ‍್ಯಾಮ್. ಈ ಎರಡನ್ನು ಬೇರ್ಪಡಿಸುವುದು ಹೇಗೆ ಎಂಬುದು ಮುಂದೆ ಬರುತ್ತದೆ.

ಈ ಲಕ್ಷಣ ಕಂಡವರು ಒಂದು ಎಚ್ಚರಿಕೆ ಗಮನಿಸಿ. ಇಂಥ ಯಂತ್ರದಲ್ಲಿ ಮನೆಯ ಫೋಟೊ, ಲೆಕ್ಕಪತ್ರಗಳನ್ನು ಜಿಪ್ ಮಾಡಿ ಬ್ಯಾಕಪ್ ತೆಗೆಯಬೇಡಿ. ಬ್ಯಾಕಪ್ಪೇ ಕೆಟ್ಟಿರಬಹುದು, ಅದು ತಿಳಿಯುವುದು ನಿಮಗೆ ಬೇಕಾದ ದಿನ. ಫೈಲ್‌ಗಳನ್ನು ಇದ್ದ ಹಾಗೆಯೇ ಹೊರಗಿನ ಡಿಸ್ಕ್‌ಗೆ ನಕಲಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಅಲ್ಲೊಂದು ಇಲ್ಲೊಂದು ತೆರೆದು ನೋಡಿ. ಮುಂದಿನ ಯಾವ ಹೆಜ್ಜೆಗೂ ಮೊದಲು ಇದನ್ನು ಮುಗಿಸಿಬಿಡಿ.

## ಲಕ್ಷಣ: ನೀಲಿ ಪರದೆ, ಪ್ರತಿ ಸಲ ಬೇರೆ ಹೆಸರಿನಲ್ಲಿ

ಒಂದೇ ಹೆಸರಿನ ನೀಲಿ ಪರದೆ ಪದೇ ಪದೇ ಬಂದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್‌ನ ತಕರಾರು, ಅದನ್ನು ಬದಲಿಸಿದರೆ ಸರಿಹೋಗುತ್ತದೆ. ಇವತ್ತು ಒಂದು ಹೆಸರು, ನಾಳೆ ಇನ್ನೊಂದು, ಮಧ್ಯೆ ಬ್ರೌಸರ್‌ನ ಟ್ಯಾಬ್‌ಗಳು ಕಾರಣವಿಲ್ಲದೆ ಸಾಯುವುದು, ಹೀಗಿದ್ದರೆ ಯಂತ್ರಾಂಶದ ಕಡೆ ನೋಡಬೇಕು.

ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಎಂದು ಹುಡುಕಿದರೆ 'ರಿಲಯಬಿಲಿಟಿ ಹಿಸ್ಟರಿ' ಸಿಗುತ್ತದೆ. ದಿನದಿನದ ಕುಸಿತಗಳನ್ನು ಕೆಂಪು ಗುರುತುಗಳಲ್ಲಿ ತೋರಿಸುವ ಈ ಪುಟ ವಿಂಡೋಸ್‌ನಲ್ಲಿರುವ ಅತ್ಯಂತ ಉಪಯುಕ್ತ, ಅತ್ಯಂತ ಕಡಿಮೆ ಜನ ನೋಡುವ ಪುಟ. ಕೆಂಪು ಗುರುತು ಕೆಲವು ತಿಂಗಳಿಂದೀಚೆಗೆ ಹೆಚ್ಚುತ್ತಾ ಬಂದಿದೆಯೇ ನೋಡಿ. ಮೊದಲ ದಿನದಿಂದಲೇ ಕೆಟ್ಟಿದ್ದ ಯಂತ್ರವಾದರೆ ಜೋಡಣೆಯ ತಪ್ಪು ಅಥವಾ ರ‍್ಯಾಮ್ ಇರಬಹುದು. ಆರು ತಿಂಗಳು, ವರ್ಷ ಚೆನ್ನಾಗಿ ನಡೆದು ಆಮೇಲೆ ಮೆಲ್ಲಗೆ ಹದಗೆಟ್ಟಿದ್ದರೆ ಅದು ಈ ದೋಷದ ನಡೆಗೆ ಹೊಂದುತ್ತದೆ, ಏಕೆಂದರೆ ಇದು ಸವೆತದಿಂದ ಬರುವ ಕಾಯಿಲೆ.

ಸವೆತ ಎಲ್ಲಿ ಎಂದರೆ, ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಘಟಕವಾದ ಕೋರ್‌ನ ಒಳಗೆ ಗಡಿಯಾರದ ಮಿಡಿತವನ್ನು ಎಲ್ಲೆಡೆ ಹಂಚುವ ಒಂದು ಮಂಡಲದಲ್ಲಿ. ಹೆಚ್ಚು ವೋಲ್ಟೇಜ್, ಹೆಚ್ಚು ಬಿಸಿ ಸೇರಿದಾಗ ಅದು ಬೇಗ ಮುಪ್ಪಾಗುತ್ತದೆ, ಮಿಡಿತದ ಅಳತೆ ತಪ್ಪುತ್ತದೆ. ಆಮೇಲೆ ಅದೇ ವೇಗದಲ್ಲಿ ಓಡಲು ಚಿಪ್‌ಗೆ ಮೊದಲಿಗಿಂತ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಕಾರ್ಖಾನೆಯಲ್ಲಿ ನಿಗದಿ ಮಾಡಿದ ವೋಲ್ಟೇಜ್ ಸಾಲದೆ ಲೆಕ್ಕ ತಪ್ಪುತ್ತದೆ.

ಈಗ 'ಇವೆಂಟ್ ವ್ಯೂಯರ್' ತೆರೆದು 'ವಿಂಡೋಸ್ ಲಾಗ್ಸ್' ಒಳಗಿನ 'ಸಿಸ್ಟಂ' ಪಟ್ಟಿಯಲ್ಲಿ 'ಡಬ್ಲ್ಯುಎಚ್‌ಇಎ-ಲಾಗರ್' ಎಂಬ ಮೂಲದ ದಾಖಲೆಗಳನ್ನು ಹುಡುಕಿ. ಅಲ್ಲಿ 'ಪ್ರೊಸೆಸರ್ ಕೋರ್' ಎಂದು ನಮೂದಾಗಿ 'ಇಂಟರ್ನಲ್ ಪ್ಯಾರಿಟಿ ಎರರ್' ಎಂದಿದ್ದರೆ ಚಿಪ್ ತನ್ನ ಬಾಯಿಂದಲೇ ತಪ್ಪೊಪ್ಪಿಕೊಂಡಿದೆ. ಆ ಪುಟದ ಚಿತ್ರ ತೆಗೆದಿಡಿ, ವಾರಂಟಿ ಕೇಳುವಾಗ ಬೇಕು. ದಾಖಲೆ ಇಲ್ಲ ಎಂದ ಮಾತ್ರಕ್ಕೆ ಚಿಪ್ ನಿರ್ದೋಷಿ ಎಂದಾಗುವುದಿಲ್ಲ. ಎಷ್ಟೋ ತಪ್ಪುಗಳು ದಾಖಲಾಗುವುದೇ ಇಲ್ಲ.

## ಲಕ್ಷಣ: ಸಂದೇಶವೇ ಇಲ್ಲದೆ ದೀಪ ಆರಿದಂತೆ ಆಫ್ ಆಗುತ್ತದೆ

ಇದು ಬಹುಮಟ್ಟಿಗೆ ಈ ದೋಷವಲ್ಲ. ಇವೆಂಟ್ ವ್ಯೂಯರ್‌ನಲ್ಲಿ 'ಕರ್ನಲ್-ಪವರ್ 41' ಎಂದು ಕಾಣುತ್ತದೆ, ಅದಕ್ಕೆ ಹೆದರಬೇಡಿ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ಕಾರಣ ಅದಕ್ಕೂ ಗೊತ್ತಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಯುಪಿಎಸ್. 600 ವಿಎ ಎಂದು ಬರೆದ ಮನೆಬಳಕೆಯ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ನಷ್ಟು ಮಾತ್ರ ತಡೆಯುತ್ತದೆ. ಐ9 ಪ್ರೊಸೆಸರ್ ಒಂದೇ 250 ವ್ಯಾಟ್ ಎಳೆಯಬಲ್ಲದು, ಗ್ರಾಫಿಕ್ಸ್ ಕಾರ್ಡ್ ಬೇರೆ. ಆಟದ ನಡುವೆ ಕರೆಂಟ್ ಒಂದು ಕ್ಷಣ ಕುಗ್ಗಿದರೂ ಯುಪಿಎಸ್ ಕೀಂಗುಟ್ಟಿ ಕೈಚೆಲ್ಲುತ್ತದೆ. ಬೇಸಿಗೆಯ ಸಂಜೆ ಮಾತ್ರ ಹೀಗಾಗುತ್ತಿದ್ದರೆ, ಪಕ್ಕದ ಕೋಣೆಯ ಎಸಿ ಶುರುವಾದಾಗ ಆಗುತ್ತಿದ್ದರೆ, ಎಲೆಕ್ಟ್ರಿಷಿಯನ್ ಕರೆಸಿ ವೋಲ್ಟೇಜ್ ಮತ್ತು ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಚುಮುಗುಟ್ಟುವುದಿದ್ದರೆ ಕಂಪ್ಯೂಟರ್ ಬಳಕೆ ಅಲ್ಲಿಗೇ ನಿಲ್ಲಿಸಿ. ಅದು ಅರ್ಥಿಂಗ್ ಇಲ್ಲದ ಸೂಚನೆ.

ಸುಟ್ಟ ವಾಸನೆ ಬಂದರೆ, ಪವರ್ ಸಪ್ಲೈನಿಂದ ಚಟಪಟ ಸದ್ದು ಬಂದರೆ ಪ್ಲಗ್ ಕಿತ್ತು ದುರಸ್ತಿಗೆ ಒಯ್ಯಿರಿ. ಪವರ್ ಸಪ್ಲೈ ಡಬ್ಬಿಯ ಸ್ಕ್ರೂ ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಬಿಸಿಯ ಬಗ್ಗೆ ಒಂದು ಮಾತು. ಈ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಆಫ್ ಆಗುವುದಿಲ್ಲ. ಸುಮ್ಮನೆ ಬ್ರೌಸರ್ ತೆರೆದಿರುವಾಗಲೇ 90 ದಾಟುತ್ತಿದ್ದರೆ ಮಾತ್ರ ಕೂಲರ್ ಸಡಿಲವಾಗಿದೆ ಅಥವಾ ಧೂಳು ಕಟ್ಟಿದೆ.

## ಯಾವ ಮೈಕ್ರೊಕೋಡ್ ಹಾಕಿದೆ ಎಂದು ನೋಡುವುದು

ಮೈಕ್ರೊಕೋಡ್ ಎಂದರೆ ಪ್ರೊಸೆಸರ್‌ನ ಒಳಗೇ ಓಡುವ ಆಜ್ಞೆಗಳ ಪದರ. ಇಂಟೆಲ್ ಬರೆಯುತ್ತದೆ, ಮದರ್‌ಬೋರ್ಡ್ ಕಂಪನಿ ಅದನ್ನು ತನ್ನ ಬಯೋಸ್‌ನಲ್ಲಿ (ಬೋರ್ಡಿನಲ್ಲೇ ಇದ್ದು, ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ತುಂಬಿ ಕೊಡುತ್ತದೆ. ತೇಪೆ ತಡವಾಗಲು ಇದೂ ಒಂದು ಕಾರಣ: ಎರಡು ಕಚೇರಿ ದಾಟಿ ಬರಬೇಕು, ಅಗ್ಗದ ಬೋರ್ಡುಗಳ ಸರದಿ ಕೊನೆಗೆ. ವಿಂಡೋಸ್ ಅಪ್‌ಡೇಟ್ ತಾನಾಗಿ ತಂದುಕೊಡುತ್ತದೆ ಎಂದು ಕಾಯಬೇಡಿ. ಬಯೋಸ್ ಅನ್ನು ನೀವೇ ಹೊಸದು ಮಾಡಬೇಕು.

'ಎಚ್‌ಡಬ್ಲ್ಯುಇನ್ಫೊ' ಎಂಬ ಉಚಿತ ತಂತ್ರಾಂಶ ತೆರೆದರೆ ಮೊದಲ ಪುಟದಲ್ಲೇ ಮೈಕ್ರೊಕೋಡ್ ಸಂಖ್ಯೆ ಕಾಣುತ್ತದೆ. ಪ್ರಕಟಣೆಗಳಲ್ಲಿ ಅದರ ಮುಂದೆ ಸೊನ್ನೆ ಮತ್ತು ಎಕ್ಸ್ ಇರುತ್ತವೆ, ಇಲ್ಲಿ ಬಿಟ್ಟಿದ್ದೇನೆ.

125: 2024ರ ಜೂನ್. ಬಿಸಿಯಾಗಿದ್ದಾಗಲೂ ಐ9 ಚಿಪ್‌ಗಳು ಅತಿವೇಗಕ್ಕೆ ಏರುತ್ತಿದ್ದುದನ್ನು ತಡೆಯಿತು.

129: 2024ರ ಆಗಸ್ಟ್. ಚಿಪ್ 1.55 ವೋಲ್ಟ್‌ಗಿಂತ ಹೆಚ್ಚು ಕೇಳದಂತೆ ಮಿತಿ ಹಾಕಿತು.

12ಬಿ: 2024ರ ಸೆಪ್ಟೆಂಬರ್. ಹಿಂದಿನ ಎರಡನ್ನೂ ಒಳಗೊಂಡು, ಕಂಪ್ಯೂಟರ್ ಸುಮ್ಮನಿರುವಾಗ ಅಥವಾ ಹಗುರ ಕೆಲಸದಲ್ಲಿರುವಾಗಲೂ ವೋಲ್ಟೇಜ್ ಏರುತ್ತಿದ್ದುದನ್ನು ಸರಿಪಡಿಸಿತು.

12ಎಫ್: 2025ರ ಮೇ. ದಿನಗಟ್ಟಲೆ ಆಫ್ ಮಾಡದೆ ಹಗುರ ಕೆಲಸದಲ್ಲಿ ಬಿಟ್ಟ ಯಂತ್ರಗಳಿಗಾಗಿ.

ನಿಮ್ಮಲ್ಲಿ 12ಬಿಗಿಂತ ಹಳೆಯದು ಕಂಡರೆ, ಕಂಪ್ಯೂಟರ್ ಇವತ್ತು ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಈ ವಾರವೇ ಬಯೋಸ್ ಬದಲಿಸಿ. 12ಎಫ್ ಸಿಗುತ್ತಿದ್ದರೆ ಅದನ್ನೇ ಹಾಕಿ. ಮನೆಯಲ್ಲಿ ಕಂಪ್ಯೂಟರನ್ನು ರಾತ್ರಿಯಿಡೀ ಬಿಟ್ಟಿರುವವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ.

## ರ‍್ಯಾಮೋ ಪ್ರೊಸೆಸರೋ?

ಬಯೋಸ್ ಬದಲಿಸುವ ಮೊದಲು ಈ ಪ್ರಶ್ನೆ ಬಗೆಹರಿಸಿಕೊಂಡರೆ ಒಳ್ಳೆಯದು. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋಗಿ ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ 'ಎಕ್ಸ್‌ಎಂಪಿ' ಎಂಬುದನ್ನು ಆಫ್ ಮಾಡಿ. ರ‍್ಯಾಮ್ ಆಗ ತನ್ನ ಸಾಮಾನ್ಯ ವೇಗದಲ್ಲಿ ಓಡುತ್ತದೆ. ಎರಡು ದಿನ ಬಳಸಿ, 7-ಜಿಪ್ ಪರೀಕ್ಷೆಯನ್ನೂ ಮಾಡಿ. ಕುಸಿತ ನಿಂತರೆ ಅಪರಾಧಿ ಬಹುಶಃ ರ‍್ಯಾಮ್ ಅಥವಾ ಅದರ ವೇಗ. ನಿಲ್ಲದಿದ್ದರೆ ಮೆಮೊರಿ ಪರೀಕ್ಷಿಸುವ 'ಮೆಮ್‌ಟೆಸ್ಟ್86' ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಪೂರ್ತಿ ಹಸಿರು ಬಂದು, ಎಕ್ಸ್‌ಎಂಪಿ ಆಫ್ ಇದ್ದೂ ಜಿಪ್ ದೋಷ ಮುಂದುವರಿದರೆ ಪ್ರೊಸೆಸರ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ರ‍್ಯಾಮ್ ತೆಗೆಯುವಾಗ ಪ್ಲಗ್ ಕಿತ್ತಿರಬೇಕು. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ ಕಳೆದುಕೊಂಡು ಕೈ ಹಾಕಿ.

## ವೇಗ ತಗ್ಗಿಸಿ ನೋಡುವ ಪರೀಕ್ಷೆ

ಚಿಪ್ ಸವೆದಿದೆಯೇ ಎಂದು ತಿಳಿಯಲು ಬಿಡಿಗಾಸು ಖರ್ಚಿಲ್ಲದ ದಾರಿ ಇದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಎಂಬುದು 100 ಇರುತ್ತದೆ. ಅದನ್ನು 99 ಮಾಡಿ. ಸಾಮಾನ್ಯವಾಗಿ ಟರ್ಬೊ ವೇಗ, ಅಂದರೆ ಚಿಪ್ ಬೇಕಾದಾಗ ಏರುವ ಹೆಚ್ಚುವರಿ ವೇಗ, ನಿಂತುಹೋಗುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ, ಇರಲಿ. ಅಷ್ಟೂ ದಿನ ಬೀಳುತ್ತಿದ್ದ ಆಟ ಈಗ ಬೀಳದೆ ನಡೆದರೆ, ಜಿಪ್ ಪರೀಕ್ಷೆ ಹತ್ತು ಸಲವೂ ಸರಿಯಾಗಿ ಮುಗಿದರೆ, ರೋಗ ಎಲ್ಲಿದೆ ಎಂದು ಗೊತ್ತಾದಂತೆ.

ಕೆ ಅಕ್ಷರದ ಚಿಪ್ ಇರುವವರು ಇನ್ನಷ್ಟು ನಾಜೂಕಾಗಿ ನೋಡಬಹುದು. ಇಂಟೆಲ್‌ನದೇ 'ಎಕ್ಸ್‌ಟಿಯು' ತಂತ್ರಾಂಶದಲ್ಲಿ 'ಪರ್ಫಾರ್ಮೆನ್ಸ್ ಕೋರ್ ರೇಷಿಯೊ' (ವೇಗದ ಗುಣಕ, ಒಂದಕ್ಕೆ ನೂರು ಮೆಗಾಹರ್ಟ್ಸ್) 55 ಇದ್ದರೆ 53ಕ್ಕೆ ಇಳಿಸಿ. ಊಡಲ್ ತಯಾರಕರು ಆಗ ಸೂಚಿಸಿದ್ದೂ ಇದನ್ನೇ. ಇನ್ನೂರು ಮೆಗಾಹರ್ಟ್ಸ್ ಇಳಿಕೆ ಬಳಕೆಯಲ್ಲಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ, ಕುಸಿತ ಮಾತ್ರ ನಿಲ್ಲುತ್ತದೆ. ಇದನ್ನೇ ಪರಿಹಾರ ಎಂದುಕೊಂಡು ವರ್ಷಗಟ್ಟಲೆ ತಳ್ಳಿದವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಲೆಕ್ಕ. ನೀವು ಹಣ ಕೊಟ್ಟಿದ್ದು 55ಕ್ಕೆ. ಸವೆತ ಮುಂದುವರಿದರೆ ನಾಳೆ 53 ಕೂಡ ಸಾಲದಾಗಬಹುದು, ಅಷ್ಟರಲ್ಲಿ ವಾರಂಟಿ ಮುಗಿದಿರುತ್ತದೆ.

ಅಂಗಡಿಯವರು ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸುವ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ 'ಪ್ರೊಸೆಸರ್ ಪಾಸ್ ಆಯಿತು' ಎಂದರೆ ಒಪ್ಪಿಕೊಂಡು ಬರಬೇಡಿ. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ, ವೋಲ್ಟೇಜ್ ಎರಡೂ ಕೆಳಗಿರುತ್ತವೆ. ಐ9-14900ಕೆ 6 ಗಿಗಾಹರ್ಟ್ಸ್ ಮುಟ್ಟುವುದು ಒಂದೆರಡು ಕೋರ್ ಮಾತ್ರ ಎಚ್ಚರವಿರುವಾಗ. ತಪ್ಪು ನಡೆಯುವುದು ಹೆಚ್ಚಾಗಿ ಆ ಎತ್ತರದಲ್ಲಿ. ಪೆನ್‌ಡ್ರೈವ್‌ನಲ್ಲಿ ನಿಮ್ಮ ದೊಡ್ಡ ಜಿಪ್ ಫೈಲ್ ಒಯ್ದು ಅವರ ಮೇಜಿನ ಮೇಲೇ 'ಟೆಸ್ಟ್' ಒತ್ತಿಸಿ ತೋರಿಸುವುದು ಹತ್ತು ನಿಮಿಷದ ವಾದಕ್ಕಿಂತ ಲೇಸು.

## ಬಯೋಸ್ ಬದಲಿಸುವುದು

ಇಲ್ಲಿಂದ ಮುಂದೆ ಎಚ್ಚರಿಕೆ ಬೇಕು. ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯುಪಿಎಸ್ ಬ್ಯಾಟರಿ ಗಟ್ಟಿಯಾಗಿದೆಯೇ ಎಂದು ಮೊದಲೇ ನೋಡಿ.

ಬಯೋಸ್ ಫೈಲ್ ಜಿಪ್ ರೂಪದಲ್ಲಿ ಬರುತ್ತದೆ. ಅನುಮಾನವಿರುವ ಕಂಪ್ಯೂಟರಿನಲ್ಲಿ ಅದನ್ನು ಬಿಚ್ಚಬೇಡಿ. ಜಿಪ್ ಬಿಚ್ಚುವುದರಲ್ಲೇ ತಪ್ಪುವ ಯಂತ್ರದ ಕೈಗೆ ಬಯೋಸ್ ಫೈಲ್ ಕೊಡುವುದು ಬೇಡ. ಬೇರೊಂದು ಲ್ಯಾಪ್‌ಟಾಪ್‌ನಲ್ಲಿ ಮದರ್‌ಬೋರ್ಡ್ ತಯಾರಕರ ಅಧಿಕೃತ ತಾಣದಿಂದ, ನಿಮ್ಮ ಬೋರ್ಡಿನ ಹೆಸರು ಅಕ್ಷರ ಅಕ್ಷರ ತಾಳೆಯಾಗುವುದನ್ನು ನೋಡಿ ಇಳಿಸಿಕೊಂಡು, ಅಲ್ಲೇ ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿ. ಹೆಸರಿನ ಕೊನೆಯಲ್ಲಿ 'ಡಿ4' ಇರುವ ಬೋರ್ಡು, ಇಲ್ಲದ ಬೋರ್ಡು ಬೇರೆ ಬೇರೆ.

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ 'ಬಿಟ್‌ಲಾಕರ್' ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲದಿದ್ದರೆ ಬಯೋಸ್ ಬದಲಾದ ಮೇಲೆ ಅದು 48 ಅಂಕಿಗಳ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ. ಈಗಿರುವ ಬಯೋಸ್ ಸೆಟ್ಟಿಂಗ್‌ಗಳ ಪುಟಗಳನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಎಲ್ಲವೂ ಮೂಲಸ್ಥಿತಿಗೆ ಹೋಗುತ್ತವೆ.

ಹೊಸ ಬಯೋಸ್ ಬಂದ ಮೇಲೆ 'ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್' ಎಂಬ ಆಯ್ಕೆ ಆರಿಸಿ. ವಿದ್ಯುತ್ ಮಿತಿಯ ಜಾಗದಲ್ಲಿ 4095 ವ್ಯಾಟ್ ಎಂದಿದ್ದರೆ ಬೋರ್ಡು ಮಿತಿಯನ್ನೇ ತೆಗೆದುಹಾಕಿದೆ ಎಂದರ್ಥ. ಯಾವ ಪ್ರೊಸೆಸರೂ ಅಷ್ಟು ಎಳೆಯುವುದಿಲ್ಲ, ಅದು 'ಬೇಕಾದಷ್ಟು ತಗೋ' ಎನ್ನುವ ಸಂಖ್ಯೆ. ಐ9-14900ಕೆ, ಐ7-14700ಕೆ ಚಿಪ್‌ಗಳಿಗೆ 253 ವ್ಯಾಟ್, ಐ5-14600ಕೆಗೆ 181 ವ್ಯಾಟ್ ಇರಬೇಕು.

ಬಯೋಸ್ ಬದಲಿಸಿ ಅಭ್ಯಾಸವಿಲ್ಲದವರು, ಮನೆಯಲ್ಲಿ ಒಂದೇ ಕಂಪ್ಯೂಟರ್ ಇದ್ದು ಅದರಲ್ಲೇ ಜೀವನೋಪಾಯದ ಕೆಲಸ ಮಾಡುವವರು ಇಲ್ಲಿಗೆ ನಿಲ್ಲಿಸಿ ತಿಳಿದವರ ಕೈಗೆ ಕೊಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಾಗಲಿ, 'ಬಯೋಸ್ ಅಪ್‌ಡೇಟ್ ಮಾಡಿ ಮೈಕ್ರೊಕೋಡ್ 12ಬಿ ಅಥವಾ ಮೇಲಿನದು ಬಂದಿದೆ ಎಂದು ತೋರಿಸಿ' ಎಂದು ಅದೇ ಮಾತಿನಲ್ಲಿ ಕೇಳಿ. 'ಸರ್ವಿಸ್ ಮಾಡಿಕೊಡಿ' ಎಂದು ಕೊಟ್ಟರೆ ಧೂಳು ಹೊಡೆದು ವಿಂಡೋಸ್ ಹಾಕಿ ವಾಪಸ್ ಕೊಡುತ್ತಾರೆ.

## ಬಯೋಸ್ ಬದಲಿಸಿದ ಮೇಲೂ ಬೀಳುತ್ತಿದೆ

ಹಾಗಾದರೆ ಚಿಪ್ ಹೋಗಿದೆ. ಇನ್ನೊಂದು ಬಯೋಸ್‌ಗಾಗಿ ಕಾಯುವುದು, ವೋಲ್ಟೇಜ್ ಕೈಯಾರೆ ಏರಿಸಿ ತಾತ್ಕಾಲಿಕವಾಗಿ ನಿಲ್ಲಿಸುವುದು ಎರಡೂ ಬೇಡ. ವೋಲ್ಟೇಜ್ ಏರಿಸಿದರೆ ಕುಸಿತ ನಿಂತಂತೆ ಕಾಣುವುದೂ ಉಂಟು, ಆದರೆ ಚಿಪ್ ಸವೆದಿದ್ದೇ ಅದರಿಂದ.

ಇಂಟೆಲ್ 2024ರ ಆಗಸ್ಟ್‌ನಲ್ಲಿ ಡಬ್ಬಿಯಲ್ಲಿ ಮಾರಿದ ಈ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿ, ಕೊಂಡ ದಿನದಿಂದ ಐದು ವರ್ಷ ಮಾಡಿತು. 2023ರ ಆರಂಭದಲ್ಲಿ ಕೊಂಡವರಿಗೆ 2028ರ ಆರಂಭದವರೆಗೆ ಅವಕಾಶವಿದೆ. ಡಬ್ಬಿಯಿಲ್ಲದ 'ಟ್ರೇ' ಚಿಪ್ ಅಥವಾ ಕಂಪನಿಯೇ ಜೋಡಿಸಿ ಮಾರಿದ ಪೂರ್ಣ ಕಂಪ್ಯೂಟರ್ ಆಗಿದ್ದರೆ ಇಂಟೆಲ್ ನೇರವಾಗಿ ತೆಗೆದುಕೊಳ್ಳುವುದಿಲ್ಲ, ಮಾರಿದವರನ್ನೇ ಹಿಡಿಯಬೇಕು. ಐನೂರೋ ಸಾವಿರವೋ ರೂಪಾಯಿ ಉಳಿಯುತ್ತದೆಂದು ಟ್ರೇ ಚಿಪ್ ಕೊಂಡವರಿಗೆ ಆ ಉಳಿತಾಯದ ನಿಜವಾದ ಬೆಲೆ ಕಾಣುವುದು ಈ ಹಂತದಲ್ಲಿ. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿದ ಕಂಪ್ಯೂಟರ್ ಕೊಂಡವರು ತಮ್ಮ ಪ್ರೊಸೆಸರ್ ಡಬ್ಬಿಯದೋ ಟ್ರೇಯದೋ ಎಂದು ಬಿಲ್ ತೆಗೆದು ನೋಡಿ.

ಕೇಳುವ ಮೊದಲು ಜೊತೆಗಿರಬೇಕಾದವು: ಜಿಎಸ್‌ಟಿ ಸಂಖ್ಯೆ ಇರುವ ಬಿಲ್ (ಥರ್ಮಲ್ ಕಾಗದದ ಬಿಲ್ ವರ್ಷದೊಳಗೆ ಬೆಳ್ಳಗಾಗುತ್ತದೆ, ಫೋಟೊ ತೆಗೆದಿಡಿ), ಡಬ್ಬಿಯ ಚೀಟಿಯ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಸರಣಿ ಸಂಖ್ಯೆ, ಇವೆಂಟ್ ವ್ಯೂಯರ್‌ನ ಚಿತ್ರ, ಜಿಪ್ ಪರೀಕ್ಷೆಯಲ್ಲಿ ಬೇರೆ ಬೇರೆ ಕಡೆ ದೋಷ ಬಂದ ಎರಡು ಮೂರು ಚಿತ್ರಗಳು, ಮೆಮ್‌ಟೆಸ್ಟ್ ಸರಿಯಾಗಿ ಮುಗಿದ ಚಿತ್ರ, ಹೊಸ ಮೈಕ್ರೊಕೋಡ್ ಸಂಖ್ಯೆ ಕಾಣುವ ಚಿತ್ರ. ಇವಿಷ್ಟನ್ನೂ ಮೊದಲ ಪತ್ರದಲ್ಲೇ ಸೇರಿಸಿ. ಇಲ್ಲದಿದ್ದರೆ 'ಎಕ್ಸ್‌ಎಂಪಿ ಆಫ್ ಮಾಡಿ ನೋಡಿ', 'ವಿಂಡೋಸ್ ಮರುಸ್ಥಾಪಿಸಿ ನೋಡಿ' ಎಂಬ ಉತ್ತರಗಳಲ್ಲೇ ಎರಡು ವಾರ ಕಳೆಯುತ್ತದೆ.

ಡಬ್ಬಿ ಎಸೆದಿದ್ದರೆ ಸಂಖ್ಯೆ ಚಿಪ್‌ನ ಮೇಲೆಯೇ ಇರುತ್ತದೆ, ಅದಕ್ಕೆ ಕೂಲರ್ ಬಿಚ್ಚಬೇಕು. ಚಿಪ್‌ನ ಕೆಳಗೆ ಸಾಕೆಟ್‌ನಲ್ಲಿರುವ 1700 ಸೂಜಿಯಂಥ ತಂತಿಗಳಲ್ಲಿ ಒಂದು ಬಾಗಿದರೂ ಮದರ್‌ಬೋರ್ಡ್ ಹೋದಂತೆ, ಬಾಗಿದ ತಂತಿಗೆ ಸಾಮಾನ್ಯವಾಗಿ ವಾರಂಟಿಯೂ ಇರುವುದಿಲ್ಲ. ಹಿಂದೆ ಮಾಡಿಲ್ಲದವರು ಅಂಗಡಿಯಲ್ಲೇ ತೆಗೆಸಿ, ತಮ್ಮ ಕಣ್ಣೆದುರೇ ಸಂಖ್ಯೆಯ ಫೋಟೊ ತೆಗೆಸಿಕೊಳ್ಳಿ. ಚಿಪ್ ಕಳಿಸಿ ಸಾಕೆಟ್ ಖಾಲಿ ಇರುವಷ್ಟು ದಿನ ಬೋರ್ಡಿನ ಜೊತೆ ಬಂದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಅದರ ಮೇಲಿರಲಿ.

ಬದಲಿ ಚಿಪ್ ಬಂದ ದಿನ ಆಟಕ್ಕೆ ಅವಸರ ಮಾಡಬೇಡಿ. ಹಳೆಯ ಬಯೋಸ್ ಮೇಲೆಯೇ ಹೊಸ ಚಿಪ್ ಕೂರಿಸಿದರೆ ಅದೂ ಅದೇ ವೋಲ್ಟೇಜ್ ಕೇಳತೊಡಗುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಹಿಂಭಾಗದ ಗುಂಡಿ ಒತ್ತಿ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಸೌಲಭ್ಯ ಇದೆ; ಇದ್ದರೆ ಮೊದಲು ಅದನ್ನು ಮುಗಿಸಿ. ಇಲ್ಲದಿದ್ದರೆ ಚಿಪ್ ಹಾಕಿ ನೇರವಾಗಿ ಬಯೋಸ್‌ಗೇ ಹೋಗಿ, ಅಲ್ಲಿಂದಲೇ ಬದಲಿಸಿ. ವಿಂಡೋಸ್ ತೆರೆದ ಕೂಡಲೇ ಎಚ್‌ಡಬ್ಲ್ಯುಇನ್ಫೊದಲ್ಲಿ ಮೈಕ್ರೊಕೋಡ್ ಸಂಖ್ಯೆ ನೋಡಿ, ಜಿಪ್ ಪರೀಕ್ಷೆಯನ್ನು ಹತ್ತು ಸಲ ಓಡಿಸಿ, ವಾರಂಟಿ ಬದಲಿಯ ರಸೀದಿಯನ್ನು ಹಳೆಯ ಬಿಲ್ಲಿನ ಜೊತೆಗೇ ಇಡಿ.